ಅಬ್ಬಿ ನೀರಿಗೆ 77 ಅಂಕ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಕಾಲೇಜಿನ ಮಕ್ಕಳು ನಮ್ಮ ಮನೆಗೆ ಗುಡ್ಡದ ಒರತೆಯಿಂದ ಹರಿದುಬರುವ ಅಬ್ಬಿ ನೀರನ್ನು ಪರೀಕ್ಷಿಸಿ ನೂರಕ್ಕೆ 77, ‘ಉತ್ತಮ’ ಎಂದು ಚೀಟಿ ಕೊಟ್ಟಿದ್ದಾರೆ. ಅಜ್ಜನ ಕಾಲದಿಂದ ಕುಡಿಯುತ್ತಿರುವ ನೀರು. ಇನ್ನು ಕಾಯಿಸುವ ಗೊಡವೆ ಬಿಡಬಹುದೇ?”

ಮಾನ್ಯರೇ, ದಯವಿಟ್ಟು ಬಿಡಬೇಡಿ. ಮಕ್ಕಳ ಲೆಕ್ಕ ತಪ್ಪೆನ್ನುತ್ತಿಲ್ಲ; ಆ ಲೆಕ್ಕದಲ್ಲಿ ಏನು ಮರೆಯಾಗುತ್ತದೆ ಎಂಬುದೇ ನನ್ನ ಆತಂಕ.

ನೀವು ಲಗತ್ತಿಸಿದ ಚೀಟಿಯಲ್ಲಿರುವುದು 1970ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, ಒಂಬತ್ತು ಅಂಶಗಳ ನೀರಿನ ಗುಣಮಟ್ಟದ ಸೂಚ್ಯಂಕ. ಕರಗಿದ ಆಮ್ಲಜನಕಕ್ಕೆ ನೂರರಲ್ಲಿ 17 ಪಾಲು, ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಕ್ಕೆ 16, ಮಿಕ್ಕದ್ದು ಪಿಎಚ್, ನೈಟ್ರೇಟ್, ಕದಡು ಮುಂತಾದವಕ್ಕೆ. ಎಂಟು ಅಂಶಗಳಲ್ಲಿ ತಲಾ 90 ಬಂದು ಬ್ಯಾಕ್ಟೀರಿಯಾ ಹೆಚ್ಚಿದ್ದು ಕೋಲಿಫಾರ್ಮ್‌ನಲ್ಲಿ ಮಾತ್ರ 10 ಬಂತು ಅನ್ನಿ. ಪಾಲಿನ ಪ್ರಕಾರ ಕೂಡಿದರೆ 77.2! 70 ದಾಟಿತು, ‘ಉತ್ತಮ’ವಾಯಿತು. ಕೂಡುವ ಬದಲು ಗುಣಿಸುವ ಸೂತ್ರ ಹಿಡಿದರೆ ಅದೇ ನೀರು 63ಕ್ಕಿಳಿದು ‘ಮಧ್ಯಮ’. ನಿಮ್ಮ 77 ಹೀಗೆಯೇ ಬಂದಿರಬಹುದು, ಬಾರದೆಯೂ ಇರಬಹುದು. ಬರೀ ಮೊತ್ತದಿಂದ ತಿಳಿಯುವುದಿಲ್ಲ. ಇನ್ನೊಂದು ಎಚ್ಚರ: ನಮ್ಮಲ್ಲಿ ಬಳಕೆಯಲ್ಲಿರುವ ಬೇರೊಂದು ಸೂಚ್ಯಂಕದಲ್ಲಿ ಅಂಕ ಕಡಿಮೆಯಾದಷ್ಟೂ ನೀರು ಒಳ್ಳೆಯದು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಟ್ಟು ಅಂಕ ನೋಡುವುದೇ ಇಲ್ಲ. 100 ಮಿಲಿಲೀಟರ್ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇ-ಕೋಲಿ ಕಾಣಿಸಿದರೆ ಉಳಿದೆಲ್ಲ ಚೆನ್ನಾಗಿದ್ದರೂ ಆ ನೀರು ನಪಾಸು.

ಮಾದರಿ ತೆಗೆದದ್ದು ಯಾವಾಗ? ಮಾಘದ ತಿಳಿನೀರೇ ಬೇರೆ, ಮುಂಗಾರಿನ ಮೊದಲ ಮಳೆ ದನ ಮೇಯುವ ಬ್ಯಾಣದ ಸಗಣಿಯನ್ನು ತೊಳೆದು ನೀರು ಹರಿಯುವ ದಂಬೆಗೆ ತಂದುಬಿಡುವ ನೀರೇ ಬೇರೆ. ಮೇಲೆ ಅಡಿಕೆ ತೋಟವಿದ್ದು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿದ್ದರೆ, ಅದರಲ್ಲಿರುವ ಮೈಲುತುತ್ತದ ತಾಮ್ರ ಆ ಒಂಬತ್ತರ ಪಟ್ಟಿಯಲ್ಲೇ ಇಲ್ಲ.

ಹಾಗೆಂದು ಸೂಚ್ಯಂಕವನ್ನು ಎಸೆಯಬೇಕಿಲ್ಲ. ತೀರ್ಥಹಳ್ಳಿಯಲ್ಲಿ, ಶಿವಮೊಗ್ಗ ದಾಟಿದ ಮೇಲೆ, ಭದ್ರೆ ಸೇರುವ ಕೂಡಲಿಯಲ್ಲಿ, ಪ್ರತಿವರ್ಷ ಅದೇ ತಿಂಗಳು ಒಂದೇ ಸೂತ್ರದಿಂದ ಅಳೆದರೆ ತುಂಗೆ ಎಲ್ಲಿ ಕೆಡುತ್ತಿದ್ದಾಳೆಂದು ಯಾರಿಗೂ ಅರ್ಥವಾಗುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೆಮ್ಮೆಪಡುವ ನಾವು ಆ ಲೆಕ್ಕವನ್ನು ಕೇಳಿಯೇ ಕೇಳಬೇಕು.

ಸದ್ಯಕ್ಕೆ ಮಕ್ಕಳಿಂದ ಒಂಬತ್ತೂ ಅಂಕಗಳನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಿಸುವ ಎಚ್‌ಟುಎಸ್ ಬಾಟಲಿ ಕೇಳಿ. ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರಿಗೆ ಮಲ ಸೇರಿರುವ ಸಂಶಯವಿದೆ ಎಂದರ್ಥ. ಆಷಾಢದಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಎರಡೂ ಚೀಟಿಗಳನ್ನು ನಮಗೆ ಕಳುಹಿಸಿ. ಅಕ್ಕಪಕ್ಕದಲ್ಲೇ ಅಚ್ಚುಹಾಕುತ್ತೇವೆ.

— ಸಂಪಾದಕ