ಡಿಸೆಂಬರ್ ಮಳೆಯಲ್ಲಿ ನ್ಯೂ ಫಾರೆಸ್ಟ್‌ಗೆ ಹೋದರೆ ಕುದುರೆ, ಕತ್ತೆ ನೋಡಲು ಸಿಗುತ್ತವಾ?

ನಿಮ್ಮ ಪ್ರಶ್ನೆ ಇಷ್ಟು: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೀರಿ, ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಜಿಟಿಜಿಟಿ ಮಳೆ ನಿಲ್ಲುವ ಲಕ್ಷಣವಿಲ್ಲ. ಕಾರಲ್ಲಿ ದಕ್ಷಿಣಕ್ಕಿರುವ ನ್ಯೂ ಫಾರೆಸ್ಟ್ ಎಂಬ ಕಾಡು, ಬಯಲಿನ ಸೀಮೆಗೆ ಹೋದರೆ ಬಿಡುಬೀಸಾಗಿ ಓಡಾಡುವ ಕುದುರೆ, ಕತ್ತೆ ಕಾಣಿಸುತ್ತವಾ, ಇಲ್ಲ ಸುಮ್ನೆ ಪೆಟ್ರೋಲ್ ದಂಡವಾ?

ಹೋಗಿ. ನಾನು ಸೌತಾಂಪ್ಟನ್ ಕಡೆಯವನು. ಊರಿನಿಂದ ಯಾರೇ ಬಂದರೂ ಅಲ್ಲಿಗೇ ಕರೆದುಕೊಂಡು ಹೋಗುವುದು. ನನ್ನ ಮಟ್ಟಿಗೆ ಬೇಸಿಗೆಗಿಂತ ಚಳಿಗಾಲವೇ ವಾಸಿ. ಆಗಸ್ಟ್‌ನಲ್ಲಿ ಲಿಂಡ್‌ಹರ್ಸ್ಟ್ ಊರೊಳಗೆ ಸಿಕ್ಕಿಕೊಂಡರೆ ಕುದುರೆಗಿಂತ ಮುಂದಿನ ಕಾರಿನ ಬೆನ್ನನ್ನೇ ಜಾಸ್ತಿ ನೋಡುತ್ತೀರಿ. ಡಿಸೆಂಬರ್‌ನ ವಾರದ ದಿನಗಳಲ್ಲಿ ಆ ಗಲಾಟೆ ಕಡಿಮೆ. ಬಯಲಿನಲ್ಲಿ ಹುಲ್ಲು ಕಮ್ಮಿಯಾಗಿರುವುದರಿಂದ ಪ್ರಾಣಿಗಳೂ ರಸ್ತೆ ಅಂಚಿಗೆ, ಊರಿನ ಮೈದಾನಕ್ಕೆ ಬರುತ್ತವೆ. ನೀವು ಹುಡುಕಿಕೊಂಡು ಹೋಗುವ ಕಷ್ಟ ಇಲ್ಲ.

ಅಪ್ಪ ಖಂಡಿತ ಕೇಳುತ್ತಾರೆ, ಇವು ಯಾರವು ಅಂತ. ಕಾಡುಕುದುರೆಗಳು ಎಂದು ಹೇಳಿಬಿಡಬೇಡಿ, ಒಂದೊಂದಕ್ಕೂ ಯಜಮಾನರಿದ್ದಾರೆ. 1079ರ ಸುಮಾರಿಗೆ ಇಂಗ್ಲೆಂಡಿನ ದೊರೆ ವಿಲಿಯಂ ಈ ಪ್ರದೇಶವನ್ನು ತನ್ನ ಬೇಟೆಕಾಡು ಮಾಡಿಕೊಂಡ. ಜಿಂಕೆಗಳಿಗೆ ಅಡ್ಡಿಯಾಗಬಾರದೆಂದು ರೈತರು ಬೇಲಿ ಹಾಕುವಂತಿರಲಿಲ್ಲ. ಆದರೆ ಅವರ ದನ, ಕುದುರೆಗಳು ಕಾಡಿನಲ್ಲಿ ಮೇಯಬಹುದಿತ್ತು. ಆ ಹಕ್ಕು ಇವತ್ತಿಗೂ ನಡೆಯುತ್ತಿದೆ. ಅದು ಆಯಾ ಮನೆ, ಜಮೀನಿಗೆ ಅಂಟಿಕೊಂಡ ಹಕ್ಕು. ಮನೆ ಕೈ ಬದಲಾದರೆ ಹಕ್ಕೂ ಅದರ ಜೊತೆ ಹೋಗುತ್ತದೆ. ಅಂಥವರನ್ನು ಕಾಮನರ್ಸ್ ಎನ್ನುತ್ತಾರೆ. ಗೋಮಾಳ ಎಂದುಬಿಡಿ, ಅಪ್ಪನಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ವ್ಯತ್ಯಾಸ ಏನೆಂದರೆ, ಈ ಗೋಮಾಳವನ್ನು ಯಾರೂ ನುಂಗಿ ಲೇಔಟ್ ಮಾಡಿಲ್ಲ. ಕಾಯುವುದಕ್ಕೆ ವರ್ಡರರ್ಸ್ ಎಂಬ ಹಳೇ ಕಾಲದ ಕೋರ್ಟೇ ಇದೆ. ಲಿಂಡ್‌ಹರ್ಸ್ಟ್‌ನಲ್ಲಿ ಸೇರುತ್ತದೆ. ಸಾಮಾನ್ಯ ಜನರೂ ಹೋಗಿ ನಿಂತು ತಮ್ಮ ಅಹವಾಲು ಹೇಳಬಹುದು.

ಹೀಗೆ ಮೇಯುವ ಪೋನಿಗಳು, ಅಂದರೆ ಈ ಗಿಡ್ಡ ಕುದುರೆಗಳು, ಸುಮಾರು 5,000. ಕತ್ತೆಗಳು ಅದಕ್ಕಿಂತ ತುಂಬಾ ಕಡಿಮೆ, ಕೆಲವು ನೂರು ಅಷ್ಟೇ. ಕುದುರೆ ಹತ್ತಿರ ಸಿಕ್ಕಾಗ ಬಾಲ ನೋಡಲು ಹೇಳಿ. ಬಾಲದ ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿರುತ್ತಾರೆ. ಯಾರೋ ಮಕ್ಕಳು ಕತ್ತರಿ ಆಡಿಸಿದ್ದಾರೆ ಅನಿಸಬೇಕು, ಹಾಗಿರುತ್ತದೆ. ಅದಕ್ಕೊಂದು ಲೆಕ್ಕವಿದೆ. ವರ್ಡರರ್ಸ್ ಕೈಕೆಳಗೆ ಆಜಿಸ್ಟರ್ ಎಂಬ ಮೇಲ್ವಿಚಾರಕರಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಸೀಮೆ. ಯಜಮಾನ ವರ್ಷದ ಫೀ ಕಟ್ಟಿದ ಮೇಲೆ ಆಜಿಸ್ಟರ್ ತನ್ನ ಸೀಮೆಯ ಗುರುತಿನ ಹಾಗೆ ಬಾಲ ಕತ್ತರಿಸುತ್ತಾನೆ. ಬಾಲ ನೋಡಿದರೆ ಸಾಕು, ಈ ಕುದುರೆ ಯಾವ ಕಡೆಯದು, ದುಡ್ಡು ಕಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಯಜಮಾನನ ಗುರುತು ಬೇರೆ, ಅದು ಮೈಮೇಲೆ ಹಾಕಿದ ಬರೆ. ಚಳಿಗಾಲದ ದಪ್ಪ ಕೂದಲಲ್ಲಿ ಅದು ಮುಚ್ಚಿಹೋಗಿರುತ್ತದೆ, ಹುಡುಕುತ್ತಾ ನಿಲ್ಲಬೇಡಿ.

ಇನ್ನು ಅಮ್ಮ. "ಅಯ್ಯೋ ಪಾಪ, ಮಳೇಲಿ ನೆನೀತಿದೆ" ಎನ್ನುವುದು ಗ್ಯಾರಂಟಿ. ನಮ್ಮ ಅತ್ತೆಯಂತೂ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದರು. ಪೋನಿಗಳಿಗೆ ಅಷ್ಟು ತೊಂದರೆಯಿಲ್ಲ. ಚಳಿಗಾಲಕ್ಕೆ ಮೈಮೇಲೆ ಎರಡು ಪದರದ ಕೂದಲು ಬೆಳೆಯುತ್ತದೆ, ಮೈಯಲ್ಲಿ ಜಿಡ್ಡೂ ಇರುತ್ತದೆ. ಮೇಲಿನ ಕೂದಲು ಒದ್ದೆಯಾಗಿ ಚೂಪು ಚೂಪಾಗಿ ಗಂಟುಕಟ್ಟಿ, ನೀರು ಆ ತುದಿಗಳಿಂದ ತೊಟ್ಟಿಕ್ಕುತ್ತದೆ. ಒಳಗಿನ ಚರ್ಮ ಬೆಚ್ಚಗೇ ಇರುತ್ತದೆ. ಗಾಳಿ ಜೋರಾದರೆ ಗಾಳಿಗೆ ಬೆನ್ನು ಕೊಟ್ಟು, ಬಾಲವನ್ನು ಕಾಲ ಸಂದಿಗೆ ಒತ್ತಿಕೊಂಡು ನಿಂತುಬಿಡುತ್ತವೆ. ಹುಲ್ಲು ಸಾಲದಿದ್ದಾಗ ಗೋರ್ಸ್ ಎಂಬ ಮುಳ್ಳುಗಿಡವನ್ನೂ ತಿನ್ನುತ್ತವೆ. ಚಳಿಗಾಲದಲ್ಲೂ ಹಳದಿ ಹೂ ಬಿಡುವ ಗಿಡ ಅದು. ಸೊರಗಿದ ಕುದುರೆ ಕಂಡರೆ ಮನೆಗೆ ಕರೆದುಕೊಂಡು ಹೋಗಿ ಎಂದು ಆಜಿಸ್ಟರ್ ಯಜಮಾನನಿಗೆ ಹೇಳುತ್ತಾನೆ. ಹೇಳಿದ ಮೇಲೆ ಯಜಮಾನ ಕೇಳಲೇಬೇಕು.

ಪಾಪ ಅನ್ನುವುದಾದರೆ ಕತ್ತೆಗೆ ಅನ್ನಿ. ಅದು ಮೂಲದಲ್ಲಿ ಒಣ ಸೀಮೆಯ ಪ್ರಾಣಿ. ಕುದುರೆಯ ಕೂದಲಿನಷ್ಟು ಚೆನ್ನಾಗಿ ಅದರ ಕೂದಲು ನೀರನ್ನು ತಡೆಯುವುದಿಲ್ಲ, ಮಳೆ ಒಳಗೆ ಇಳಿದುಬಿಡುತ್ತದೆ. ಅದಕ್ಕೇ ಮಳೆಯ ದಿನ ಕತ್ತೆಗಳನ್ನು ಬಯಲಲ್ಲಿ ಹುಡುಕಬೇಡಿ. ಹಾಲಿ (holly) ಎಂಬ ಮುಳ್ಳೆಲೆಯ ಮರಗಳ ಕೆಳಗೆ, ಗೋಡೆಯ ಮರೆಯಲ್ಲಿ, ಅಂಗಡಿಯ ಸೂರಿನಡಿ ನೋಡಿ. ಬ್ಯೂಲಿ ಊರಿನ ಬೀದಿಯಲ್ಲಿ ಒಮ್ಮೆ ಒಂದು ಕತ್ತೆ ಅಂಗಡಿ ಬಾಗಿಲಿಗೆ ಅಡ್ಡ ನಿಂತಿತ್ತು. ಹಣೆಯ ಮೇಲೆ ಒದ್ದೆ ಜುಟ್ಟು, ಕಣ್ಣು ಅರ್ಧ ಮುಚ್ಚಿದೆ, ಒಂದು ಕಿವಿ ಮುಂದಕ್ಕೆ, ಒಂದು ಹಿಂದಕ್ಕೆ. ಒಳಗಿದ್ದ ಗಿರಾಕಿ ಹೊರಗೆ ಬರಲಾಗದೆ "ಎಕ್ಸ್‌ಕ್ಯೂಸ್ ಮಿ" ಎಂದು ಕತ್ತೆಗೇ ಹೇಳಿದರು. ಅದು ಕದಲಲಿಲ್ಲ. ಎಲ್ಲರೂ ಕುದುರೆ ನೋಡಲು ಹೋಗುತ್ತಾರೆ. ನನ್ನ ಓಟು ಮಾತ್ರ ಕತ್ತೆಗೆ.

ದಾರಿ ಹೇಳುತ್ತೇನೆ. ಎಂ3 ಹೆದ್ದಾರಿ ಹಿಡಿದು ಎಂ27ಕ್ಕೆ ಬಂದು, ಜಂಕ್ಷನ್ 1ರಲ್ಲಿ ಕ್ಯಾಡ್ನಮ್‌ಗೆ ಇಳಿಯಿರಿ. ಅಲ್ಲಿಂದ ಎ337ರಲ್ಲಿ ಲಿಂಡ್‌ಹರ್ಸ್ಟ್. ಈ ರಸ್ತೆಗೆ ಬೇಲಿ ಇದೆ, ಏನೂ ಕಾಣಿಸಲಿಲ್ಲ ಎಂದು ಬೇಜಾರಾಗಬೇಡಿ. ಲಿಂಡ್‌ಹರ್ಸ್ಟ್‌ನ ದೊಡ್ಡ ಕಾರ್ ಪಾರ್ಕ್‌ನಲ್ಲಿ ಟಾಯ್ಲೆಟ್ ಇದೆ, ದೊಡ್ಡವರನ್ನು ಕರೆದುಕೊಂಡು ಹೋಗುವಾಗ ಇದೇ ಮುಖ್ಯ ಅಲ್ವಾ. ಆಮೇಲೆ ಬಿ3056 ಹಿಡಿಯಿರಿ. ನಿಜವಾದ ಆಟ ಶುರುವಾಗುವುದು ಇಲ್ಲಿ. ಎರಡೂ ಕಡೆ ಬೇಲಿ ಇಲ್ಲದ ಬಯಲು, ಕಂದು ಬಣ್ಣಕ್ಕೆ ತಿರುಗಿದ ಜರಿಗಿಡ, ನಡುವೆ ಅಲ್ಲಲ್ಲಿ ನಿಂತ ನೀರು. ದಾರಿಯಲ್ಲಿ ಬ್ಯೂಲಿ ರೋಡ್ ಎಂಬ ಪುಟ್ಟ ರೈಲು ನಿಲ್ದಾಣ, ಅದರ ಪಕ್ಕದಲ್ಲೇ ಈ ಕುದುರೆಗಳ ಸಂತೆ ನಡೆಯುವ ಅಂಗಳ. ಮುಂದೆ ಬ್ಯೂಲಿ. ಅದನ್ನು ದಾಟಿ ಹ್ಯಾಚೆಟ್ ಪಾಂಡ್ ಎಂಬ ಕೆರೆ, ಅಲ್ಲಿ ಕುದುರೆ, ಕತ್ತೆ ಎರಡೂ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿಂದ ಬಿ3055ರಲ್ಲಿ ಬ್ರಾಕನ್‌ಹರ್ಸ್ಟ್. ಊರಿನ ತುದಿಯಲ್ಲಿ ಹಳ್ಳದ ನೀರು ರಸ್ತೆ ಮೇಲೇ ಹರಿಯುವ ಜಾಗವಿದೆ. ಮಳೆ ಜಾಸ್ತಿಯಾಗಿದ್ದರೆ ನೀರಿಗೆ ಕಾರು ಇಳಿಸಬೇಡಿ, ಸುತ್ತು ಹಾಕಿ ಹೋಗಿ. ಪಕ್ಕದ ಹುಲ್ಲುಮೈದಾನದಲ್ಲಿ ಒಂದಷ್ಟು ಪೋನಿಗಳು ಇದ್ದೇ ಇರುತ್ತವೆ. ಮತ್ತೆ ಲಿಂಡ್‌ಹರ್ಸ್ಟ್‌ಗೆ ಬಂದರೆ ಸುತ್ತು ಮುಗಿಯಿತು, ಎಲ್ಲಾ ಸೇರಿ 20 ಮೈಲಿ ಒಳಗೆ. ಅಪ್ಪ ಅಮ್ಮ ಕಾರಿನಿಂದ ಇಳಿಯದಿದ್ದರೂ ನಡೆಯುತ್ತದೆ.

ಗಾಡಿ ಓಡಿಸುವ ನಿಮಗೆ ಒಂದು ಮಾತು. ಬೇಲಿ ಇಲ್ಲದ ರಸ್ತೆಗಳಲ್ಲಿ ಮಿತಿ 40 ಮೈಲಿ. ಮಳೆಯಲ್ಲಿ ಅದೂ ಜಾಸ್ತಿಯೇ, 30 ಸಾಕು. ಹಿಂದಿನವರು ಅವಸರ ಮಾಡಿದರೆ ಮಾಡಲಿ. ಹಾರ್ನ್ ಹೊಡೆಯಬೇಡಿ. ಒಂದು ಪೋನಿ ರಸ್ತೆ ದಾಟಿತು ಅಂದರೆ ಇನ್ನೊಂದು ಹಿಂದೆ ಬರುತ್ತದೆ ಎಂದೇ ತಿಳಿದು ನಿಲ್ಲಿಸಿ. ಕಾರು ಬಂದರೆ ಪಕ್ಕಕ್ಕೆ ಸರಿಯಬೇಕು ಎಂಬ ಅಭ್ಯಾಸವೇ ಇವಕ್ಕಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲಾ ಸೂರ್ಯ ಮುಳುಗುತ್ತಾನೆ. ಕಂದು ಕುದುರೆ, ಕಪ್ಪು ರಸ್ತೆ, ಒದ್ದೆ ಗಾಜು, ಬೀದಿದೀಪ ಇಲ್ಲ. ಕೆಲವಕ್ಕೆ ಹೊಳೆಯುವ ಪಟ್ಟಿ ಕಟ್ಟಿರುತ್ತಾರೆ, ಎಲ್ಲವಕ್ಕೂ ಇಲ್ಲ. ಪ್ರತಿವರ್ಷ ಕಾರಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತವೆ, ಅದರಲ್ಲೂ ಕತ್ತಲಾದ ಮೇಲೆ ಅಪಾಯ ಹೆಚ್ಚು. ಹನ್ನೊಂದಕ್ಕೆ ಅಲ್ಲಿರಿ, ಮೂರಕ್ಕೆ ಹೊರಟುಬಿಡಿ. ದೇವರು ದೊಡ್ಡವನು, ಆದರೂ ಹೇಳಿಬಿಡುತ್ತೇನೆ: ಡಿಕ್ಕಿಯಾದರೆ ಪೊಲೀಸರಿಗೆ ತಿಳಿಸಲೇಬೇಕು. ಕುದುರೆ, ಕತ್ತೆ, ದನ ಯಾವುದಾದರೂ ಸರಿ, ಕಾನೂನಿದೆ.

ಮುಟ್ಟುವುದು, ತಿನ್ನಿಸುವುದು ಎರಡೂ ಬೇಡ. 2023ರ ಜುಲೈನಲ್ಲಿ ಇದನ್ನು ನಿಷೇಧಿಸುವ ಆದೇಶವೇ ಬಂದಿದೆ, ಸಿಕ್ಕಿಬಿದ್ದರೆ 100 ಪೌಂಡ್ ದಂಡ. ಕ್ಯಾರೆಟ್ ಕೊಟ್ಟರೆ ಏನಾಗುತ್ತೆ ಎಂದು ಅಮ್ಮ ಕೇಳಬಹುದು. ಕಾರಿನವರು ಕೊಟ್ಟ ತಿಂಡಿಯ ರುಚಿ ಹತ್ತಿದ ಕುದುರೆ ರಸ್ತೆಯಲ್ಲೇ ಬಿಡಾರ ಹೂಡುತ್ತದೆ. ಕೊಡದವರಿಗೆ ಒದೆಯುತ್ತದೆ, ಕಚ್ಚುತ್ತದೆ. ಚಿತ್ರಾನ್ನದ ಡಬ್ಬಿ ತೆಗೆಯುವುದಿದ್ದರೆ ಕಿಟಕಿ ಏರಿಸಿಕೊಂಡು ಕಾರಿನೊಳಗೇ ತಿನ್ನಿ. ಕತ್ತೆಗಳು ನಾಚಿಕೆಯಿಲ್ಲದೆ ತಲೆ ತೂರಿಸುತ್ತವೆ.

ಫೋಟೋಗೆಂದು ಹುಲ್ಲಿನ ಅಂಚಿಗೆ ಕಾರು ಹತ್ತಿಸಬೇಡಿ. ನಿಲ್ಲಿಸಬಾರದೆಂದೇ ಬಹಳ ಕಡೆ ಮರದ ಗೂಟ ನೆಟ್ಟಿದ್ದಾರೆ, ಗೂಟ ಇಲ್ಲದ ಕಡೆ ಚಕ್ರ ಕೆಸರಲ್ಲಿ ಹೂತುಹೋಗುತ್ತದೆ. ಕಾರ್ ಪಾರ್ಕ್‌ಗಳು ಬೇಕಾದಷ್ಟಿವೆ. ಇಳಿದು ಒಂದೆರಡು ಹೆಜ್ಜೆ ನಡೆಯುವ ಆಸೆ ಇದ್ದರೆ ಅಪ್ಪನ ಲೆದರ್ ಚಪ್ಪಲಿ ಮನೆಯಲ್ಲೇ ಬಿಡಿಸಿ. ಮಳೆ ತೀರಾ ಹೊಡೆದರೆ ಬ್ಯೂಲಿಯಲ್ಲಿ ನ್ಯಾಷನಲ್ ಮೋಟಾರ್ ಮ್ಯೂಸಿಯಂ ಇದೆ, ಹಳೇ ಕಾರುಗಳ ನಡುವೆ ಎರಡು ಗಂಟೆ ಆರಾಮಾಗಿ ಕಳೆಯಬಹುದು. ಕ್ರಿಸ್‌ಮಸ್ ದಿನ ಮಾತ್ರ ಅದು ಮುಚ್ಚಿರುತ್ತದೆ, ಹೊರಡುವ ಮೊದಲು ಸಮಯ ನೋಡಿಕೊಳ್ಳಿ.