ಟೆಲಿಸ್ಕೋಪ್ ಗಾಜಿನ ಮೇಲೆ ಕೂತ ಇಬ್ಬನಿಯನ್ನು ಯಾವ ಬಟ್ಟೆಯಿಂದ ಒರೆಸಬೇಕು?

ಒರೆಸಬೇಡ್ರಿ. ಯಾವ ಬಟ್ಟೆಯೂ ಬೇಡ, ಕನ್ನಡಕಕ್ಕೆ ಹಚ್ಚುವ ಆ್ಯಂಟಿಫಾಗ್ ದ್ರವವೂ ಬೇಡ. ವಿಜಯಪುರದ ಹೊರಗೆ ಡಿಸೆಂಬರ್ ರಾತ್ರಿ ಹನ್ನೊಂದಕ್ಕೆಲ್ಲ 8 ಇಂಚಿನ ಶ್ಮಿಟ್-ಕ್ಯಾಸಗ್ರೇನ್ ಟೆಲಿಸ್ಕೋಪಿನ (ಒಳಗೆ ಕನ್ನಡಿಗಳು, ಬಾಯಿಗೆ ಗಾಜು ಇರುವ ಮಾದರಿ) ಮುಂದಿನ ಗಾಜು ಮಬ್ಬಾಗುತ್ತದೆ ಅಂದಿದ್ದೀರಿ. ನನ್ನದೂ ಅದೇ ಅಳತೆ, ಅದೇ ತಿಂಗಳು, ಬಾದಾಮಿ ಕಡೆಯ ಹೊಲ.

ಮಹಾವ್ಯಾಧದ (ಒರಾಯನ್ ನಕ್ಷತ್ರಪುಂಜದ) ನೀಹಾರಿಕೆ ನೋಡುತ್ತಿದ್ದೆ. ಮೊದಲು ಸಣ್ಣ ನಕ್ಷತ್ರಗಳು ಮಾಯವಾದವು, ಆಮೇಲೆ ದೊಡ್ಡವುಗಳ ಸುತ್ತ ಪ್ರಭೆ ಎದ್ದಿತು. ಟಾರ್ಚ್ ಹಾಕಿ ನೋಡಿದರೆ ಗಾಜಿಗೆ ಮಜ್ಜಿಗೆ ಬಳಿದಂತಿತ್ತು. ತೊಳೆದು ತೊಳೆದು ಮೆತ್ತಗಾದ ಹಳೇ ಪಂಚೆಯ ತುಂಡು ಜೊತೆಗಿತ್ತು, ಒರೆಸಿದೆ. ಐದು ನಿಮಿಷಕ್ಕೆ ಮತ್ತೆ ಮಬ್ಬು, ಮತ್ತೆ ಒರೆಸಿದೆ. ಆ ರಾತ್ರಿ ಆರು ಸಲ. ಮರುದಿನ ಕಿಟಕಿಯ ಬೆಳಕಿಗೆ ಗಾಜನ್ನು ಓರೆ ಹಿಡಿದಾಗ ಕೈ ಆಡಿದ ಕಡೆಯೆಲ್ಲ ಕೂದಲೆಳೆಯಂಥ ಗೀರುಗಳು, ಕಮಾನು ಕಮಾನಾಗಿ.

ಬಟ್ಟೆ ಮೆತ್ತಗಿದ್ದರೆ ಸಾಕು ಅಂದುಕೊಂಡಿದ್ದೇ ತಪ್ಪು. ಗೀರಿದ್ದು ಬಟ್ಟೆಯಲ್ಲ, ಧೂಳು. ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಆ ಕಲ್ಲು ಪುಡಿಯಾಗಿ ಹಾರುವುದು ಸ್ಫಟಿಕದ (ಕ್ವಾರ್ಟ್ಸ್) ಕಣ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಅದರದು 7. ಬೆಳಕು ಪ್ರತಿಫಲಿಸದಂತೆ ಗಾಜಿಗೆ ಲೇಪಿಸುವ ಮೆಗ್ನೀಸಿಯಂ ಫ್ಲೋರೈಡ್‌ನದು 6ರ ಆಸುಪಾಸು, ಗಾಜಿನದು ಇನ್ನೂ ಕಡಿಮೆ. ಸಂಜೆಯಿಂದ ಗಾಜಿನ ಮೇಲೆ ಕೂತ ಧೂಳು ಹನಿಯಲ್ಲಿ ನೆಂದು, ಬಟ್ಟೆಯ ನೂಲಿಗೆ ಅಂಟಿ, ಒತ್ತಿದಾಗ ಉಸುಕಿನ ಕಾಗದದಂತೆ ಉಜ್ಜುತ್ತದೆ. ಒಂದೇ ಕಡೆ ಆರು ಸಲ ಉಜ್ಜಿದರೆ ಕೇಳಬೇಕೆ? ಆ ಗಾಜನ್ನು ಅದೇ ಕೊಳವೆಯ ಕನ್ನಡಿಗಳಿಗೆ ಹೊಂದಿಸಿ ಕೂರಿಸಿರುತ್ತಾರೆ. ಅಂಗಡಿಯಿಂದ ಬೇರೊಂದು ತಂದು ಹಾಕಿದರೆ ಮೊದಲಿನಂತಾಗುವುದಿಲ್ಲ. ಇವತ್ತಿಗೂ ಪ್ರಖರ ನಕ್ಷತ್ರದ ಸುತ್ತ ಸಣ್ಣ ಮಬ್ಬು ಉಳಿದೇ ಇದೆ. ದ್ರವ ಹಚ್ಚಿದರೆ ಅದರ ಪದರವೇ ಬೆಳಕು ಚೆದುರಿಸುತ್ತದೆ.

ಒರೆಸಿದರೂ ಇಬ್ಬನಿ ತಿರುಗಿ ಬಂದದ್ದೇಕೆ? ನೀರು ಹೋಯಿತು, ಗಾಜು ತಣ್ಣಗೇ ಉಳಿಯಿತು. ಕಡಲೆ ಗಿಡಗಳ ಮೇಲೆ ರಾತ್ರಿ ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆಂದ ಅದರಿಂದ ಬೆಳಿಗ್ಗೆ ಗಿಡದ ಹುಳಿರಸ ಹಿಂಡಿಕೊಳ್ಳುವವರಿಗೆ ಗೊತ್ತು: ಮೋಡ ಮುಚ್ಚಿದ ರಾತ್ರಿ ಬಟ್ಟೆ ಸರಿಯಾಗಿ ನೆನೆಯುವುದಿಲ್ಲ. ಬಯಲಿನ ಹುಲ್ಲು ತೊಯ್ದು ತೊಪ್ಪೆಯಾದಾಗಲೂ ಬೇವಿನ ಗಿಡದ ಬುಡದ ಹುಲ್ಲು ಒಣಗೇ ಇರುತ್ತದೆ. ಬಯಲಲ್ಲಿದ್ದದ್ದು ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಡುತ್ತ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ನಿಮ್ಮ ಗಾಜೂ ಹಾಗೇ. ಗಾಳಿ 15 ಡಿಗ್ರಿ, ತೇವಾಂಶ ಶೇ. 85 ಇದ್ದರೆ ಇಬ್ಬನಿ ಕಟ್ಟುವ ಮಟ್ಟ ಸುಮಾರು 12.5 ಡಿಗ್ರಿ. ಗಾಜು ಎರಡೂವರೆ ಡಿಗ್ರಿ ಕೆಳಗಿಳಿದರೆ ಮುಗಿಯಿತು. ಹಾಗಾದರೆ ನೀವು ಗೆಲ್ಲಬೇಕಾದದ್ದೂ ಅಷ್ಟೇ, ಎರಡೂವರೆ ಮೂರು ಡಿಗ್ರಿ.

ಮೊದಲು ಆ ಗಾಜಿಗೊಂದು ಬೇವಿನ ನೆರಳು ಮಾಡಿಕೊಡಿ. 6 ಮಿಲಿಮೀಟರ್ ದಪ್ಪದ ಕಪ್ಪು ಯೋಗ ಮ್ಯಾಟ್, 77 ಸೆಂಟಿಮೀಟರ್ ಉದ್ದ, 45 ಅಗಲ ಕತ್ತರಿಸಿ ಕೊಳವೆಯ ಬಾಯಿಗೆ ಸುತ್ತಿ. 8 ಇಂಚಿನ ಕೊಳವೆಯ ಹೊರಸುತ್ತು ಸುಮಾರು 72 ಸೆಂಟಿಮೀಟರ್ (ನಿಮ್ಮದನ್ನು ದಾರ ಸುತ್ತಿ ಅಳೆದುಕೊಳ್ಳಿ), ಉಳಿದ 5 ವೆಲ್ಕ್ರೋ ಪಟ್ಟಿಗೆ. 7 ಸೆಂಟಿಮೀಟರ್ ಕೊಳವೆಯ ಮೇಲೆ ಕೂತು, 38ರಷ್ಟು ಮುಂದಕ್ಕೆ ಚಾಚಬೇಕು. ಗಾಜಿನ ಅಗಲದ ಒಂದೂವರೆಯಿಂದ ಎರಡು ಪಟ್ಟು, ಇದೇ ಲೆಕ್ಕ. ಒಳಗೆ ಕಾಗದ ಅಂಟಿಸಬೇಡಿ, ತೇವ ಹೀರಿ ಜೋತುಬಿದ್ದು ನೋಟಕ್ಕೆ ಅಡ್ಡ ಬರುತ್ತದೆ. ಒಣಹವೆಯ ರಾತ್ರಿಗಳಲ್ಲಿ ಇಷ್ಟೇ ಸಾಕಾಗುತ್ತದೆ.

ತೇವ ಹೆಚ್ಚಿದ್ದರೆ ಹೀಟರ್ ಪಟ್ಟಿ ಬೇಕು. ಕರೆಂಟ್ ಹರಿದಾಗ ಬಿಸಿಯಾಗುವ ರೆಸಿಸ್ಟರ್ ಎಂಬ ಸಣ್ಣ ಬಿಡಿಭಾಗಗಳಿಂದ ಮಾಡಿಕೊಳ್ಳಬಹುದು. 330 ಓಮ್, 1 ವಾಟ್‌ನ 28 ರೆಸಿಸ್ಟರ್‌ಗಳನ್ನು ಎರಡೂವರೆ ಸೆಂಟಿಮೀಟರ್‌ಗೊಂದರಂತೆ ಎರಡು ವೈರ್‌ಗಳ ನಡುವೆ ಏಣಿಯ ಮೆಟ್ಟಿಲಿನಂತೆ ಬೆಸುಗೆ ಹಾಕಿ. ಒಂದರ ಬಾಲಕ್ಕೊಂದು ಜೋಡಿಸಿದರೆ ಕರೆಂಟ್ ಹೆಸರಿಗಷ್ಟೇ ಹರಿಯುತ್ತದೆ, ಬಿಸಿಯಾಗುವುದಿಲ್ಲ. 12 ವೋಲ್ಟ್‌ಗೆ ಒಟ್ಟು 12 ವಾಟ್, ಸುಮಾರು 1 ಆ್ಯಂಪ್. ಮೇಲೆ ಬಟ್ಟೆಯ ಟೇಪ್ ಸುತ್ತಿ, ಗಾಜು ಹಿಡಿದಿರುವ ಉಂಗುರದ ಹಿಂದೆಯೇ ಕೊಳವೆಗೆ ಬಿಗಿದು, ಮ್ಯಾಟ್‌ನ ಅಂಚನ್ನು ಅದರ ಮೇಲೆ ಹೊದಿಸಿ. ಇಲ್ಲದಿದ್ದರೆ ಶಾಖವೆಲ್ಲ ಗಾಳಿಪಾಲು. 2 ಆ್ಯಂಪ್ ಫ್ಯೂಸ್ ಮರೆಯಬೇಡಿ. ಎಲ್‌ಇಡಿ ಪಟ್ಟಿಗೆ ಹಾಕುವ 12 ವೋಲ್ಟ್ ಡಿಮ್ಮರ್‌ನಿಂದ ಅರ್ಧಕ್ಕಿಳಿಸಿದರೆ ಆರು ತಾಸಿಗೆ ಸುಮಾರು 3 ಆ್ಯಂಪಿಯರ್-ಅವರ್. ಯುಪಿಎಸ್‌ನ 7 ಆ್ಯಂಪಿಯರ್-ಅವರ್ ಬ್ಯಾಟರಿ ಅರ್ಧವೂ ಖಾಲಿಯಾಗುವುದಿಲ್ಲ. ಶಾಖ ಹೆಚ್ಚು ಕೊಟ್ಟರೆ ಕೊಳವೆಯೊಳಗಿನ ಗಾಳಿ ಕದಡಿ ಗುರುಗ್ರಹದ ಪಟ್ಟೆಗಳು ಕುದಿಯುವ ನೀರಿನಡಿ ಇದ್ದಂತೆ ಅಲುಗುತ್ತವೆ. ಹೀಟರ್ ಸಂಜೆಯೇ ಹಚ್ಚಿ. ಮಬ್ಬು ಕೂತ ಮೇಲೆ ಹಚ್ಚಿದರೆ ಒಣಗಲು ಬಹಳ ಹೊತ್ತು ಬೇಕು.

ಜಾಗವೂ ನೋಡಿ. ನೀರು ಹಾಯಿಸಿದ ಕಬ್ಬಿನ ಹೊಲದ ಬದು, ಕಾಲುವೆ, ಆಲಮಟ್ಟಿ ಹಿನ್ನೀರಿನ ದಂಡೆ, ತಗ್ಗು: ಇವು ಬೇಡ. ಅಲ್ಲಿ ತೇವವೂ ಹೆಚ್ಚು, ತಣ್ಣನೆ ಗಾಳಿ ಬಂದು ನಿಲ್ಲುವುದೂ ಅಲ್ಲೇ. ನಾಲ್ಕಾಳೆತ್ತರದ ಕಲ್ಲುದಿಬ್ಬವಾದರೂ ಸಾಕು.

ಐಪೀಸ್‌ಗಳನ್ನು (ಕಣ್ಣಿಟ್ಟು ನೋಡುವ ಮಸೂರಗಳನ್ನು) ಸ್ವೆಟರ್‌ನ ಒಳಜೇಬಿನಲ್ಲಿಡಿ, ಉಸಿರು ತಾಗಿಸಬೇಡಿ. ಇಷ್ಟಾದರೂ ಮಬ್ಬು ಕೂತಿತೋ, ಹೇರ್ ಡ್ರೈಯರ್ ಸಣ್ಣ ಶಾಖದಲ್ಲಿ, ಒಂದಡಿ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸಿ. ಕಟ್ಟುವಾಗ ಗಾಜು ತೇವವಿದ್ದರೆ ಮುಚ್ಚಳ ಹಾಕಬೇಡಿ, ಒಳಗೆ ಬೂಸು ಹಿಡಿದು ಲೇಪ ತಿನ್ನುತ್ತದೆ. ಮನೆಯಲ್ಲಿ ಕೊಳವೆಯ ಬಾಯಿ ತುಸು ಕೆಳಗೆ ಬಾಗಿಸಿಟ್ಟು, ಪೂರ್ತಿ ಆರಿದ ಮೇಲೆಯೇ ಮುಚ್ಚಿ.