ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ಸಂಶೋಧಕಿಯರು

ಪ್ರಶ್ನೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಟಾಟಾ ಇನ್‌ಸ್ಟಿಟ್ಯೂಟ್) ಸರ್ ಸಿ.ವಿ. ರಾಮನ್ ಅವರು ವಿದ್ಯಾರ್ಥಿನಿಯೊಬ್ಬರಿಗೆ ಪ್ರವೇಶ ನಿರಾಕರಿಸಿದ್ದರೆಂದು ಕೇಳಿದ್ದೇನೆ. ಇದು ನಿಜವೇ? ಆ ದಿನಗಳಲ್ಲಿ ಅಲ್ಲಿ ಸಂಶೋಧನೆ ನಡೆಸಿದ ಕನ್ನಡದ ಮಹಿಳೆಯರು ಯಾರಾದರೂ ಇದ್ದರೇ?
- ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಜ. 1933ರಲ್ಲಿ ಬೊಂಬಾಯಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಕಮಲಾ ಭಾಗವತ್ (ಮದುವೆಯ ನಂತರ ಕಮಲಾ ಸೊಹೊನಿ) ಅವರಿಗೆ, ಆಗಷ್ಟೇ ನಿರ್ದೇಶಕರಾಗಿದ್ದ ರಾಮನ್ ಹೆಣ್ಣೆಂಬ ಕಾರಣಕ್ಕೇ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟು ಬಿಡದಿದ್ದಾಗ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡು, ಕೆಲಸ ತೃಪ್ತಿಕರವೆನಿಸಿದ ಬಳಿಕವೇ ವಿದ್ಯಾರ್ಥಿನಿಯೆಂದು ಒಪ್ಪಿಕೊಂಡರು. ಈ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಅವರು ಮಾಡಿದ ಕೆಲಸವನ್ನು ಹೇಳುವವರು ಕಡಿಮೆ. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದ ಅವರು, ಮುಂದೆ ಕೇಂಬ್ರಿಜ್‌ನಲ್ಲಿ ಆಲೂಗೆಡ್ಡೆಯನ್ನಿಟ್ಟುಕೊಂಡು, ಜೀವಕೋಶಗಳ ಉಸಿರಾಟಕ್ಕೆ ಬೇಕಾದ ‘ಸೈಟೋಕ್ರೋಮ್ ಸಿ’ ಎಂಬ ಪ್ರೋಟೀನು ಸಸ್ಯಗಳಲ್ಲಿಯೂ ಇದೆಯೆಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು.

1940ರಲ್ಲಿ ಬಂದ ಅಣ್ಣಾ ಮಣಿ ಅವರನ್ನು ರಾಮನ್ ತಮ್ಮ ಪ್ರಯೋಗಾಲಯದಲ್ಲಿಯೇ ಸೇರಿಸಿಕೊಂಡರು. ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತಗಳನ್ನು (ಬೆಳಕು ಬಣ್ಣಗಳಾಗಿ ಬೇರ್ಪಟ್ಟ ಪಟ್ಟಿಗಳನ್ನು) ದಾಖಲಿಸುವುದು ಅವರ ಕೆಲಸವಾಗಿತ್ತು. ವಜ್ರವನ್ನು ದ್ರವೀಕೃತ ಗಾಳಿಯ ಶೈತ್ಯದಲ್ಲಿರಿಸಿ, ಅದು ಹೊಮ್ಮಿಸುವ ಕ್ಷೀಣ ಬೆಳಕು ಛಾಯಾಫಲಕದ ಮೇಲೆ ಮೂಡುವವರೆಗೆ ಕೆಲವೊಮ್ಮೆ 15ರಿಂದ 20 ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು. ಎಷ್ಟೋ ರಾತ್ರಿಗಳು ಪ್ರಯೋಗಾಲಯದಲ್ಲಿಯೇ ಕಳೆಯುತ್ತಿದ್ದವು. ಐದು ಪ್ರಬಂಧಗಳನ್ನು ಪ್ರಕಟಿಸಿ 1945ರಲ್ಲಿ ಮಹಾಪ್ರಬಂಧವನ್ನೂ ಸಲ್ಲಿಸಿದರು. ಆದರೆ ಎಂ.ಎಸ್ಸಿ. ಇಲ್ಲವೆಂಬ ನೆಪವೊಡ್ಡಿ (ನನ್ನ ದೃಷ್ಟಿಯಲ್ಲಿ ಇದು ನೆಪವೇ) ಆಗ ಪದವಿ ಕೊಡಬೇಕಿದ್ದ ಮದ್ರಾಸು ವಿಶ್ವವಿದ್ಯಾನಿಲಯವು ಡಾಕ್ಟರೇಟ್ ಕೊಡಲಿಲ್ಲ. ಅವರು ಹವಾಮಾನ ಉಪಕರಣಗಳ ಕ್ಷೇತ್ರಕ್ಕೆ ಹೊರಳಿ ಅಲ್ಲಿಯೇ ಹೆಸರಾದರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಂಜನಗೂಡಿನ ರಾಜೇಶ್ವರಿ ಚಟರ್ಜಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ನಲವತ್ತರ ದಶಕದಲ್ಲಿ ಇದೇ ಸಂಸ್ಥೆಯ ವಿದ್ಯುತ್ ವಿಭಾಗವನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಡಾಕ್ಟರೇಟ್ ಪಡೆದು, 1953ರಲ್ಲಿ ಹಿಂದಿರುಗಿ ಇಲ್ಲಿಯೇ ಅಧ್ಯಾಪಕರಾದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಮೈಕ್ರೋವೇವ್ (ಅತಿ ಕಿರಿದಾದ ರೇಡಿಯೋ ಅಲೆಗಳ) ಸಂಶೋಧನೆಗೆ ಸಂಸ್ಥೆಯಲ್ಲಿ ನೆಲೆ ಒದಗಿಸಿದವರು ಇವರೇ. ರೇಡಾರ್ ಮತ್ತು ವಿಮಾನಗಳಿಗೆ ಬೇಕಾಗುವ ಆಂಟೆನಾಗಳ ಬಗ್ಗೆ ನೂರಕ್ಕೂ ಹೆಚ್ಚು ಪ್ರಬಂಧಗಳನ್ನು ಬರೆದ ಅವರು 20 ಮಂದಿಯ ಪಿಎಚ್.ಡಿ.ಗೆ ಮಾರ್ಗದರ್ಶನ ನೀಡಿ 1982ರಲ್ಲಿ ನಿವೃತ್ತರಾದರು.